ಹೊಸ ಗಾಡಿಯಲ್ಲಿ ಮೊದಲು ಕೂರುವವರು

ಊಟದ ಬಿಡುವು ಮುಗಿದ ಮೇಲಿನ ಪಿರಿಯಡ್ಡಿನಲ್ಲಿ ನಮ್ಮೂರು ವಾಡಿಯ ಮೇಲೆ ಒಂದು ಮಂಪರು ಇಳಿಯುತ್ತದೆ. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸುತ್ತಾರೆ. ಹೊರಗೆ ಗೂಡ್ಸ್ ರೈಲು ಡಬ್ಬಿಯ ಹಿಂದೆ ಡಬ್ಬಿ ಎಳೆದುಕೊಂಡು ಹೋಗುತ್ತಲೇ ಇರುತ್ತದೆ, ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿರುತ್ತದೆ. ಆ ವರ್ಷವಿಡೀ ನಾನು ಆ ಹೊತ್ತಿನಲ್ಲಿ ಬೋರ್ಡಿಗೆ ಮುಖ ಮಾಡಿ ನಿಂತು ಕಾರುಗಳನ್ನು ಕಾಣುತ್ತಿದ್ದೆ. ನದಿಗಳ ಹೆಸರು ಬರೆಯುತ್ತ ಬರೆಯುತ್ತ ಸೀಮೆಸುಣ್ಣ ನಿಲ್ಲುತ್ತಿತ್ತು, ಕಣ್ಣ ಮುಂದೆ ಬಿಳಿ ಕಾರೊಂದು ಸದ್ದಿಲ್ಲದೆ ತೊಗರಿ ಹೊಲಗಳ ನಡುವೆ ತೇಲಿಹೋಗುತ್ತಿತ್ತು. ಅದರೊಳಗೆ ನನ್ನ ಅವ್ವ ಕೂತಿರುತ್ತಿದ್ದಳು. ಅವಳು ಸಲೀಸಾಗಿ ಉಸಿರಾಡುತ್ತಿದ್ದಳು.

ಅವ್ವನಿಗೆ ದಮ್ಮು. ಚಳಿ ಬಿದ್ದಾಗ, ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ಗಾಳಿಗೆ ಹಾರಿದಾಗ, ಅವಳ ಎದೆಯೊಳಗೆ ಸಿಳ್ಳೆ ಏಳುತ್ತದೆ. ಪಂಪಿನಿಂದ ಔಷಧಿ ಎಳೆದುಕೊಂಡರೆ ಎಷ್ಟೋ ಸಲ ತಗ್ಗುತ್ತದೆ. ತಗ್ಗದಿದ್ದರೆ ಕಲಬುರಗಿಯ ಆಸ್ಪತ್ರೆಗೇ ಹೋಗಬೇಕು. ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ನನ್ನ ತಮ್ಮ ಹೆಂಡತಿ ಮಕ್ಕಳೊಂದಿಗೆ ಶಹಾಬಾದಿನಲ್ಲಿದ್ದಾನೆ, ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಮಾಡಿಸುತ್ತಾನೆ.

ಹಿಂದಿನ ಚಳಿಗಾಲದ ಒಂದು ಸಂಜೆ ಅವ್ವನನ್ನು ಬಾಡಿಗೆ ಕಾರಿನಲ್ಲಿ ಕಲಬುರಗಿಗೆ ಕರೆದುಕೊಂಡು ಹೊರಟಿದ್ದೆ. ಶಹಾಬಾದು ಇನ್ನೂ ದೂರವಿರುವಾಗ ಕಾರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಬಾನೆಟ್ಟು ಎತ್ತಿ ತಲೆ ಒಳಗೆ ಹಾಕಿದ ಡ್ರೈವರು ಅದನ್ನು ಹೊರಗೆ ತೆಗೆಯಲೇ ಇಲ್ಲ. ಒಳಗೆ ಕೂರಲಾಗದೆ ಅವ್ವ ಇಳಿದು, ರಸ್ತೆ ಬದಿಗೆ ಪೇರಿಸಿಟ್ಟಿದ್ದ ಕಲ್ಲುಚಪ್ಪಡಿಗಳ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ಕೂತು ಒಂದು ಕೈಯಿಂದ ಅವಳ ಬೆನ್ನು ತಿಕ್ಕುತ್ತ, ಇನ್ನೊಂದು ಕೈಯಿಂದ ಸೆರಗು ಬೀಸುತ್ತ ಇದ್ದೆ. ಎದುರಿಗೆ ಬಿಟ್ಟುಹೋದ ಒಂದು ಕಲ್ಲುಗಣಿಯಲ್ಲಿ ನೀರು ನಿಂತು, ಆಕಾಶದ ಬಣ್ಣವನ್ನೆಲ್ಲ ಕುಡಿದುಬಿಟ್ಟಿತ್ತು. ಅಷ್ಟು ಚಂದದ ಸಂಜೆಯನ್ನು ನಾನು ಅಷ್ಟು ದ್ವೇಷದಿಂದ ನೋಡಿದ್ದು ಅದೊಂದೇ ಸಲ. ಕೊನೆಗೆ ಕಲ್ಲು ಇಳಿಸಿ ಬರುತ್ತಿದ್ದ ಲಾರಿಯೊಂದು ನಮ್ಮನ್ನು ಹತ್ತಿಸಿಕೊಂಡಿತು.

ಅವ್ವ ಉಳಿದಳು, ಆದರೆ ನನ್ನೊಳಗೆ ಹೆದರಿಕೆ ಮನೆ ಮಾಡಿತು. ಮುಂದಿನ ಸಲ ಲಾರಿ ಬರದಿದ್ದರೆ? ನಿಂತ ಗಾಡಿಯ ಪಕ್ಕದಲ್ಲಿ, ನನ್ನ ಕಣ್ಣೆದುರಿಗೇ ಅವಳು ಹೋಗಿಬಿಟ್ಟರೆ? ಆಸ್ಪತ್ರೆಯಿಂದ ಬಂದ ಮೇಲೆ ತಮ್ಮನಿಗೆ ಫೋನು ಮಾಡಿ, ನಾನು ಡ್ರೈವಿಂಗ್ ಕಲಿಯುತ್ತೇನೆ, ಕಾರು ಕೊಳ್ಳುತ್ತೇನೆ, ದಾರಿಯಲ್ಲಿ ಎಂದೂ ನಿಲ್ಲದ ಕಾರು ಹುಡುಕಿಕೊಡು ಎಂದೆ.

ಎಂದೂ ನಿಲ್ಲದ ಕಾರು ಯಾವ ದೇಶದಲ್ಲಿ ಹುಟ್ಟುತ್ತದೆ? ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿ ಬಿಟ್ಟು ಕೇಳಿದ್ದೇ ತಪ್ಪಾಯಿತು. ಜಪಾನು ಬಿಟ್ಟರೆ ಬೇರೆ ಇಲ್ಲವೇ ಇಲ್ಲ ಎಂದರು ಗಣಿತದ ಮಾಸ್ತರರು. ಅಲ್ಲಿಯ ಜನ ಒಂದು ಸ್ಕ್ರೂ ಸಡಿಲಾದರೂ ಊಟ ಬಿಡುತ್ತಾರಂತೆ. ಹಿಂದಿ ಟೀಚರಿಗೆ ನಮ್ಮ ದೇಶದ್ದೇ ಆಗಬೇಕು, ತಗಡು ದಪ್ಪ, ಲಾರಿ ಗುದ್ದಿದರೆ ಏಟು ಲಾರಿಗೇ. ವಿಜ್ಞಾನದವರು ಜರ್ಮನಿಯ ಹೆಸರನ್ನು ದೇವರ ಹೆಸರಿನಂತೆ ಮೆಲ್ಲಗೆ ಹೇಳಿ ಕಣ್ಣು ಮುಚ್ಚಿದರು. ಕೊರಿಯಾದ ಕಾರಿನಲ್ಲಿ ಎ.ಸಿ. ಭಾಳ ತಣ್ಣಗಂತೆ, ನಮ್ಮ ಬಿಸಿಲಿಗೆ ಅದೇ ಸರಿ ಎಂದು ಬಿಸಿಯೂಟದ ಅಡುಗೆಯವಳೂ ಒಂದು ಮಾತು ಸೇರಿಸಿದಳು. ಇವರಲ್ಲಿ ಒಬ್ಬರ ಮನೆಯ ಮುಂದೆಯೂ ಕಾರು ಇರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದೆ.

ಆದರೂ ಆ ಮಾತುಗಳು ಕಿವಿಯಲ್ಲಿ ಉಳಿದುಕೊಂಡವು. ನಾನು ಭೂಗೋಳ ಕಲಿಸುವವಳು, ಸಮುದ್ರವನ್ನು ಕಂಡಿರುವುದು ಒಂದೇ ಸಲ. ಮಂಪರಿನ ಆ ಪಿರಿಯಡ್ಡಿನಲ್ಲಿ ದೇಶಗಳು ತಾವಾಗಿಯೇ ಬರತೊಡಗಿದವು. ಜಪಾನೆಂದರೆ ನಸುಕಿನಲ್ಲೇ ಎಲ್ಲರೂ ಅಂಗಳ ಗುಡಿಸಿ, ಯಾರೊಂದಿಗೂ ಮಾತಾಡದೆ ಕೆಲಸಕ್ಕೆ ಹೋಗುವ ಒಂದು ಓಣಿ. ಜರ್ಮನಿಯೆಂದರೆ ಮಂಜಿನೊಳಗೆ ನಿಂತ ದೊಡ್ಡ ಶೆಡ್ಡು, ಅದರೊಳಗೆ ಬಿಳಿ ಕೋಟಿನ ಒಬ್ಬ ಮುದುಕ ಕಬ್ಬಿಣಕ್ಕೆ ಕಿವಿಯಿಟ್ಟು ಕೇಳುತ್ತಿದ್ದಾನೆ. ಅವನ ಹತ್ತಿರ ಹೋಗಿ ಹೇಳಬೇಕೆನಿಸುತ್ತಿತ್ತು: ಇದರಲ್ಲಿ ಕೂರುವವಳಿಗೆ ದಮ್ಮು ಇದೆ ಯಜಮಾನರೇ, ಇನ್ನೊಮ್ಮೆ ನೋಡಿಬಿಡಿ. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಿದ್ದರು, ನಾನು ಮತ್ತೆ ಗೋದಾವರಿಯ ಉಪನದಿಗಳಿಗೆ ಬರುತ್ತಿದ್ದೆ.

ಹಳೆಯ ಕಾರುಗಳನ್ನೂ ಒಮ್ಮೆ ನೋಡೋಣ ಎಂದ ತಮ್ಮ. ಭಾನುವಾರ ಬಂದರೆ ಅವನ ಬೈಕಿನ ಹಿಂದೆ ಕೂತು ಊರೂರು ತಿರುಗಿದೆ. ಸೇಡಂನಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಮನೆಯಲ್ಲಿ ಜಪಾನಿನ ಹೆಸರು ಹೊತ್ತ ಕಾರಿತ್ತು. ವಯಸ್ಸಾಗಿತ್ತು, ಆದರೆ ಕೀಲಿ ತಿರುಗಿಸಿದ ಕೂಡಲೇ ಎದ್ದು ಕೂತಿತು. ಅವರು ಅದರ ಹಣೆಗೂ ದಿನವೂ ವಿಭೂತಿ ಹಚ್ಚುತ್ತಿದ್ದರು. ಚಹಾ ಕುಡಿಸಿ, ಎಲ್ಲ ತೋರಿಸಿ, ಕೊನೆಗೆ ಇದನ್ನು ಮಾರುವ ಮನಸ್ಸಿಲ್ಲ, ಸುಮ್ಮನೆ ನಿಮಗೆ ಕಾಣಲಿ ಅಂತ ಕರೆದೆ ಎಂದರು. ಕುರಕುಂಟಾದಲ್ಲಿ ನಮ್ಮ ದೇಶದ್ದೇ ಒಂದು ಜೀಪು, ತೊಗರಿ ಚೀಲ ಹೊತ್ತೂ ಹೊತ್ತೂ ಸೊಂಟ ಬಿದ್ದಿತ್ತು. ನಾಲ್ಕು ಮಂದಿ ನೂಕಿದರೆ ಹೊರಡುತ್ತದೆ, ಹೊರಟ ಮೇಲೆ ಸೊಲ್ಲಾಪುರದವರೆಗೂ ನಿಲ್ಲುವುದಿಲ್ಲ ಎಂದು ಅದರ ಮಾಲೀಕ ಆಣೆ ಮಾಡಿದ. ಅವ್ವನ ಉಸಿರು ಸಿಕ್ಕಿಕೊಂಡ ಹೊತ್ತಿನಲ್ಲಿ ನಾಲ್ಕು ಮಂದಿಯನ್ನು ಎಲ್ಲಿಂದ ತರಲಿ? ಚಿಂಚೋಳಿಯಲ್ಲಿ ಗುತ್ತಿಗೆದಾರನೊಬ್ಬನ ಜರ್ಮನಿ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ನೋಡಿದವರು ಮತ್ತೆ ನೋಡಬೇಕು, ಅಷ್ಟು ಚೆಲುವು. ಅದರ ಯಾವುದೋ ಒಂದು ಸಾಮಾನು ಹೈದರಾಬಾದಿನಿಂದ ಬರಬೇಕಿತ್ತು, ಬರಬೇಕಾಗಿಯೇ ಇತ್ತು. ಬಾನೆಟ್ಟಿನ ಮೇಲೆ ಹಣ್ಣೆಲೆ ಉದುರಿತ್ತು, ಕಾರಿನ ಕೆಳಗೆ ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಸಂಸಾರ ಹೂಡಿತ್ತು.

ಬರುವಾಗ ಚಂದ್ರಂಪಳ್ಳಿಯ ಡ್ಯಾಮಿನ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಕಾಡಿನ ಕಡೆಯಿಂದ ಗಾಳಿ ಬಂದು ನೀರನ್ನು ಮುಟ್ಟಿ ಹೋಗುತ್ತಿತ್ತು. ತಮ್ಮ ತನ್ನ ಕಲ್ಲಿನ ಮಾತು ಎತ್ತಿದ. ಶಹಾಬಾದ್ ಕಲ್ಲೆಂದರೆ ಎಲ್ಲಿ ಬೇಕಾದರೂ ಕೇಳಿ ಕೊಳ್ಳುತ್ತಾರಂತೆ. ಆದರೆ ಒಂದೇ ಗಣಿಯಲ್ಲಿ ಒಂದು ಪದರ ಗಟ್ಟಿ ಇದ್ದರೆ ಅದರ ಕೆಳಗಿನದು ಸೀಳಿಹೋಗುತ್ತದೆ. ಗಿರಾಕಿ ಊರ ಹೆಸರು ಕೇಳುತ್ತಾನೆ, ಪದರ ನೋಡುವುದಿಲ್ಲ ಎಂದ. ಮಾತು ಸರಿ ಅನಿಸಿತು. ಆದರೆ ಕಾರಿನ ಪದರ ನೋಡುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರೂ ನೀರು ನೋಡುತ್ತ ರೊಟ್ಟಿ ತಿಂದೆವು.

ಅವ್ವ ಇದೆಲ್ಲವನ್ನೂ ಕೇಳುತ್ತಲೇ ಇದ್ದಳು, ತನ್ನ ಕಾರಣಕ್ಕೇ ಇಷ್ಟು ಓಡಾಟ ಎಂಬುದು ಅವಳಿಗೆ ಸಂಬಂಧವೇ ಇಲ್ಲದ ವಿಷಯದಂತೆ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಹಸಿಕಡಲೆ ಸುಲಿಯುತ್ತಿದ್ದಳು, ನಾನೂ ತಮ್ಮನೂ ಎಂದಿನಂತೆ ಜಪಾನು, ಕೊರಿಯಾ ಎಂದು ಜಗ್ಗಾಡುತ್ತಿದ್ದೆವು. ಅವ್ವ ಸನ್ನತಿಯ ಮಗಳು, ಭೀಮೆಯ ದಂಡೆಯ ಮನೆತನದವಳು. ಅವಳ ಅಪ್ಪ ಬಿದಿರು ಹೆಣೆದು ಹರಿಗೋಲು ಕಟ್ಟುತ್ತಿದ್ದ. ಸೇತುವೆ, ಬ್ಯಾರೇಜು ಬರುವ ಮುಂಚೆ ಆಚೆ ದಂಡೆಗೆ ದಾಟಲು ಜನಕ್ಕೆ ಅದೇ ಗಾಡಿ.

“ನಮ್ಮ ಕಡೆ ಹೊಸಾ ಹರಗೋಲದಾಗ ಮೊದಲ ಕುಂದ್ರೋರು ಅದನ್ನ ಕಟ್ಟಿದಾತನ ಹೆಂಡ್ತಿ ಮಕ್ಕಳು,” ಎಂದಳು ತಲೆ ಎತ್ತದೆ. “ಅವರದು ಒಂದು ಸುತ್ತು ಆದ ಮ್ಯಾಲೇ ಮಾಲಕನ ಕೈಗಿ ಹುಟ್ಟು ಕೊಡ್ತಿದ್ರು. ಕಾರಿಗೂ ಹಂಗ ಮಾಡ್ರಿ.”

ತಮ್ಮ ಮೊದಲು ನಕ್ಕ. ಆಮೇಲೆ ಅವನ ಮುಖ ಅರಳಿತು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ದೇಶದಲ್ಲಿದೆ ಎಂದು ನನ್ನನ್ನೇ ಕೇಳಿದ. ತಳದಲ್ಲಿ ತೂತು ಉಳಿದರೆ ಮುಳುಗುವುದು ಕಟ್ಟಿದವನ ಮಕ್ಕಳೇ, ಹಾಗಾದ ಮೇಲೆ ಯಾವನು ತೂತು ಬಿಟ್ಟಾನು? ಜಪಾನಿನಲ್ಲಿ ಕಟ್ಟಿದವರನ್ನು ಇಲ್ಲಿಗೆ ಕರೆಸಲಾಗದು, ಅವರ ಬದಲಿಗೆ ಕಾರು ಮಾರುವವನಿದ್ದಾನಲ್ಲ, ಅವನಿಗೆ ಕಾರಿನ ಒಳಗುಟ್ಟು ಗೊತ್ತಿದ್ದೇ ಇರುತ್ತದೆ ಎಂದ. ನನಗೂ ಎದೆಯ ಭಾರ ಇಳಿದಂತಾಯಿತು. ನಮ್ಮ ಅಜ್ಜನ ಕಾಲದವರು ಎಷ್ಟು ಜಾಣರು ಎಂದು ಆ ವಾರವೆಲ್ಲ ಹೆಮ್ಮೆಪಟ್ಟೆ.

ಕಲಬುರಗಿಯ ಒಂದು ಶೋರೂಮಿಗೆ ಮೂವರೂ ಹೋದೆವು. ಕಾರು ತೋರಿಸಿದವನು ಚಿತ್ತಾಪುರದವನು, ತೆಳ್ಳನೆಯ ಮನುಷ್ಯ, ಕೊರಳಲ್ಲಿ ಟೈ ಬಿಗಿದಿತ್ತು. ಯಾವ ದೇಶದ್ದು ಎಂದು ನಾನು ಕೇಳಿದ್ದಕ್ಕೆ ಅವನು ಪಾಪ, ಹಾಡು ಒಪ್ಪಿಸಿದ ಹಾಗೆ ಒಪ್ಪಿಸಿದ. ಹೆಸರು ಹೊರದೇಶದ್ದು, ಕಟ್ಟಿದ್ದು ತಮಿಳುನಾಡಿನಲ್ಲಿ, ಗಾಜು ಒಂದು ಕಡೆಯದು, ಟೈರು ಇನ್ನೊಂದು ಕಡೆಯದು. ಇದರಲ್ಲಿ ಕೆಟ್ಟದ್ದಕ್ಕೆ ಸಾಮಾನು ಕಲಬುರಗಿಯಲ್ಲೇ ಸಿಗುತ್ತದೆ, ಅದನ್ನು ಬೇಕಾದರೆ ನಂಬಿ ಎಂದ. ಆ ಹೊರದೇಶ ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಸ್ಟಾಫ್ ರೂಮಿನ ಜಗಳ ಮತ್ತೆ ಶುರುವಾಗುತ್ತದೆ. ಚಿಂಚೋಳಿಯ ಬೇವಿನ ಮರವನ್ನು ನೆನೆದು ನಾನು ಅರ್ಧ ಒಪ್ಪಿದ್ದೆ. ಉಳಿದ ಅರ್ಧಕ್ಕಾಗಿ ಅವ್ವನ ಕಡೆ ನೋಡಿದ ತಮ್ಮ.

“ತಮ್ಮಾ, ನಿನ್ನ ಹೆಂಡ್ತಿ ಮಕ್ಕಳನ್ನ ಇದರಾಗ ಕುಂದರಿಸಿ ಒಂದು ಸುತ್ತು ಹೊಡಿ,” ಎಂದಳು ಅವ್ವ ಆ ಟೈ ಕಟ್ಟಿದವನಿಗೆ. “ಆಮ್ಯಾಲ ನಾವು ತಗೋತೀವಿ.”

ಅವನ ಮುಖದ ನಗು ಹಾಗೇ ಇಳಿದುಹೋಯಿತು. ಗಾಜಿನ ಕೋಣೆಯೊಳಗೆ ಕೂತಿದ್ದ ಮ್ಯಾನೇಜರನ ಕಡೆ ಒಮ್ಮೆ ನೋಡಿದ, ತನ್ನ ಬೂಟಿನ ಕಡೆ ಒಮ್ಮೆ ನೋಡಿದ. ತಮ್ಮ ನನ್ನ ಮೊಣಕೈ ಚಿವುಟಿದ: ನೋಡು, ಹೆದರಿದ. ಈ ಕಾರಿನಲ್ಲಿ ಏನೋ ಇದೆ, ಇವನಿಗೆ ಗೊತ್ತಿದೆ, ಇದರಲ್ಲೇ ನಾನು ಅವ್ವನನ್ನು ಕೂರಿಸಲಿದ್ದೆ. ಬ್ಯಾಗು ತೆಗೆದುಕೊಂಡು ಎದ್ದೇ ಬಿಟ್ಟಿದ್ದೆ.

“ಅವ್ವಾರ, ನಮ್ಮ ಮನ್ಯಾಗ ಬೈಕ್ ಅಷ್ಟ ಅದ್ರಿ,” ಎಂದ ಅವನು ಮೆಲ್ಲಗೆ. “ದಿನಾ ಮಂದಿಗಿ ಕುಂದರಿಸಿ ತೋರಸ್ತೀನಿ. ಹೆಂಡ್ತಿನ್ನ ಒಮ್ಮಿನೂ ಕುಂದರಿಸಿಲ್ಲ. ಸಾಹೇಬರಿಗಿ ಕೇಳಿ ನೋಡ್ತೀನ್ರಿ.”

ನಾನು ಮತ್ತೆ ಕೂತೆ. ತಮ್ಮ ಸುಮ್ಮನೆ ಗೋಡೆಯ ಮೇಲಿನ ಕಾರಿನ ಚಿತ್ರ ನೋಡತೊಡಗಿದ. ಕಾರು ನಿಮ್ಮ ಹೆಸರಿಗೆ ಆದ ಮೇಲೆ ಯಾರನ್ನು ಬೇಕಾದರೂ ಕೂರಿಸಿಕೊಳ್ಳಿ, ನಮ್ಮದೇನೂ ಇಲ್ಲ ಎಂದರು ಮ್ಯಾನೇಜರು.

ಕಾರು ಕೈಗೆ ಬರುವ ದಿನ ಆ ಚಿತ್ತಾಪುರದವನು ಹೆಂಡತಿಯನ್ನೂ ಮಗಳನ್ನೂ ಕರೆಸಿದ್ದ. ಆಕೆ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಹುಡುಗಿಯ ಎರಡೂ ಜಡೆಗೆ ಕೆಂಪು ರಿಬ್ಬನ್ನು. ತಾಯಿ ಕಾರಿನ ಬಾಗಿಲ ಹತ್ತಿರ ಬಂದು ಚಪ್ಪಲಿ ಬಿಟ್ಟು ಒಳಗೆ ಹತ್ತಿದಳು. ಗಂಡ ನಾಚಿಕೊಂಡು ಆ ಚಪ್ಪಲಿಗಳನ್ನು ಎತ್ತಿ ಒಳಗಿಟ್ಟ. ಕಾರು ನಿಧಾನವಾಗಿ ಗೇಟು ದಾಟಿ, ಬೆಳಗಿನ ಬಿಸಿಲಿನೊಳಗೆ ತಿರುಗಿ ಮಾಯವಾಯಿತು. ನಾವು ಮೂವರು ಹೊರಗೆ ನಿಂತೆವು. ಬರುವುದು ಸ್ವಲ್ಪ ತಡವಾಯಿತು. ಬಹುಶಃ ಅವನು ಒಂದು ಸುತ್ತಿಗೆ ಇನ್ನೊಂದು ಸೇರಿಸಿದ್ದ. ಕಾರು ತಿರುಗಿ ಬರುವಾಗ ತಮ್ಮ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಎಲ್ಲೂ ತಪ್ಪಿಲ್ಲ ಎಂದು ನನಗೆ ಹೇಳುತ್ತಿದ್ದ. ನಾನು ಚಕ್ರಗಳನ್ನು ನೋಡುತ್ತಿದ್ದೆ. ಅವ್ವ ಮಾತ್ರ ಕಿಟಕಿಯಲ್ಲಿದ್ದ ಆ ಹೆಣ್ಣುಮಗಳ ಮುಖವನ್ನೇ ನೋಡುತ್ತಿದ್ದಳು, ಪಂಪು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು. ಇಳಿದು ಬಂದು ಆಕೆ ಅವ್ವನ ಕಾಲು ಮುಟ್ಟಿದಳು. ಅವ್ವ ಹಂಚಲು ತಂದಿದ್ದ ಪೇಡೆಯ ಮೊದಲ ತುಂಡನ್ನು ಅವಳ ಬಾಯಿಗೇ ಇಟ್ಟಳು.

ಅದರ ಮುಂದಿನ ಭಾನುವಾರ ಅವ್ವನನ್ನು ಕೂರಿಸಿಕೊಂಡು ನಾನೇ ಸನ್ನತಿಗೆ ಹೋದೆ. ತಮ್ಮನಿಗೆ ಕೆಲಸವಿತ್ತು. ಅವ್ವನಿಗೆ ದಮ್ಮು ಬಂದರೆ ಒರಗಲು ಬೇಕಲ್ಲ ಎಂದು ಹಿಂದಿನ ಸೀಟಿನಲ್ಲಿ ದಿಂಬು, ಚಾದರ ಹಾಕಿ, ಒಂದು ಪುಟ್ಟ ಕೋಣೆಯನ್ನೇ ಮಾಡಿದ್ದೆ. ಆ ದಾರಿ ನನಗೆ ಈಗಲೂ ಅರ್ಧ ಕನಸಿನಂತೆಯೇ ಇದೆ. ತೊಗರಿ ಕೊಯ್ದ ಹೊಲಗಳು ಎರಡೂ ಕಡೆ ಕ್ಷೌರ ಮಾಡಿಸಿಕೊಂಡವರಂತೆ ಮಲಗಿದ್ದವು, ಕಪ್ಪು ನೆಲದ ಮೇಲೆ ಬಿಸಿಲು ಅಲೆಯಾಡುತ್ತಿತ್ತು, ಕಾರು ನನ್ನ ಕೈಯಲ್ಲಿ ಮಾತು ಕೇಳುವ ಎತ್ತಿನಂತೆ ಹೋಗುತ್ತಿತ್ತು. ಬೋರ್ಡಿನ ಮುಂದೆ ನಿಂತು ಕಂಡದ್ದೆಲ್ಲ ಹೀಗೆ ಹಗಲಿನಲ್ಲಿ ನಡೆಯುತ್ತಿದೆಯಲ್ಲ ಎಂದು ನನಗೇ ನಂಬಿಕೆ ಬರುತ್ತಿರಲಿಲ್ಲ. ಚಂದ್ರಲಾಂಬೆಯ ಗುಡಿಯ ಮುಂದೆ ಕರ್ಪೂರ ಬೆಳಗಿಸಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಒಂದಿಷ್ಟು ಮುಂದೆ ಓಡಿಸಿ, ಆಮೇಲೆ ಹೊಳೆದಂಡೆಗೆ ಹೋಗಿ ಕೂತೆವು. ಭೀಮೆ ತುಂಬಿಕೊಂಡು ಅಲುಗಾಡದೆ ನಿಂತಿದ್ದಳು.

ನಾನು ಖುಷಿಯಲ್ಲಿದ್ದೆ. ನಿನ್ನ ಅಪ್ಪನ ಪರೀಕ್ಷೆಯಲ್ಲಿ ಕಾರು ಪಾಸಾಯಿತು ನೋಡು ಎಂದೆ. ಅವ್ವ ನನ್ನ ಕಡೆ ತಿರುಗಿದಳು. ಪರೀಕ್ಷೆಯೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದಳು.

“ನಮ್ಮಪ್ಪ ಕಟ್ಟಿದ್ದು ಎಲ್ಲಾ ಮಂದಿ ಮನಿಗಿ ಹೋಗ್ತಿದ್ವು. ನಮ್ಮದು ಹಳೀದು, ತಳ ಸೋರೋದು. ಕಟ್ಟಿದಾತನ ಮಕ್ಕಳು ಹೊಸಾದರಾಗ ಮತ್ತ ಯಾವಾಗ ಕುಂದ್ರಬೇಕವ್ವಾ? ಅದಕ್ಕ ಆ ಸುತ್ತು.”

ಆ ದಿನ ಅವಳ ಅವ್ವ ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳಂತೆ. ಹಸಿ ಬಿದಿರಿನ ವಾಸನೆ, ಡಾಂಬರಿನ ವಾಸನೆ, ಒಣಗಿದ ತಳದ ಮೇಲೆ ಬರಿಗಾಲು. ಅಪ್ಪ ಬೇಕೆಂದೇ ದೂರ ಸುತ್ತಿಸುತ್ತಿದ್ದನಂತೆ, ಮಾಲೀಕ ದಂಡೆಯಲ್ಲಿ ಕಾಯುತ್ತ ನಿಂತರೆ ನಿಲ್ಲಲಿ ಎಂದು. ಅವ್ವ ನೀರಿಗೆ ಕೈ ಬಿಟ್ಟು ಕೂತಿರುತ್ತಿದ್ದಳಂತೆ. ಹೇಳುವಾಗ ಅವಳ ಬೆರಳುಗಳು ಸೀರೆಯ ಮೇಲೆ ಹಾಗೆಯೇ ಆಡುತ್ತಿದ್ದವು.

ನನಗೆ ಆ ಚಿತ್ತಾಪುರದವನ ಇಳಿದ ಮುಖ ನೆನಪಾಗಿ ನಾಚಿಕೆಯಾಯಿತು. ಅದರ ಜೊತೆಗೇ, ಹೇಳಿಬಿಡುತ್ತೇನೆ, ಒಳಗೆ ಹಳೆಯ ಹೆದರಿಕೆ ಎದ್ದು ಕೂತಿತು. ಪರೀಕ್ಷೆಯೇ ಆಗಿಲ್ಲ ಎಂದರೆ ಈ ಕಾರಿನ ಭರವಸೆ ಏನು? ನಂಬಿದ್ದು ಯಾವುದನ್ನು? ದೇಶವನ್ನು ಬಿಟ್ಟೆ, ತಗಡನ್ನು ಬಿಟ್ಟೆ, ಈ ಸುತ್ತೊಂದನ್ನು ಹಿಡಿದುಕೊಂಡಿದ್ದೆ, ಈಗ ಅದೂ ಕೈ ಬಿಟ್ಟಿತು. ಎದ್ದು ಕಾರು ಹತ್ತಿದೆವು.

ತಿರುಗಿ ಬರುವಾಗ ನಾನು ಇಂಜಿನ್ನಿನ ಪ್ರತಿ ಸದ್ದಿಗೂ ಕಿವಿ ಕೊಡುತ್ತಿದ್ದೆ, ಎಲ್ಲಿ ಕೆಮ್ಮುತ್ತದೋ ಎಂದು. ಸಂಜೆಯ ಬಿಸಿಲು ಎಡಗಡೆಯಿಂದ ಬಂದು ಸ್ಟೇರಿಂಗಿನ ಮೇಲೆ ಬಿದ್ದಿತ್ತು. ಕನ್ನಡಿಯಲ್ಲಿ ನೋಡಿದರೆ ಅವ್ವ ದಿಂಬಿಗೆ ಒರಗಿರಲಿಲ್ಲ. ನೆಟ್ಟಗೆ ಕೂತು ನನ್ನ ತಲೆಯ ಹಿಂಭಾಗವನ್ನು ನೋಡುತ್ತಿದ್ದಳು. ದಮ್ಮು ಬಂತೇನು ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

“ಬಾಡಿಗಿ ಗಾಡ್ಯಾಗ ಹೋಗುವಾಗ ನೀ ನನ್ನ ಬಾಜೂಕ ಕುಂದರ್ತಿದ್ದಿ,” ಎಂದಳು. “ಈಗ ನಿನ್ನ ಬೆನ್ನ ಕಾಣ್ತದ.”

ನಾನು ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದೆ. ಅವಳೇ ಮುಂದುವರಿಸಿದಳು.

“ಉಸುರು ಹೋಗೋದಿದ್ರ ಯಾವ ದೇಶದ ಗಾಡ್ಯಾಗ ಕುಂತ್ರೂ ಹೋಗ್ತದ. ಗಾಡಿ ನಿಂತದೋ, ಓಡಾಕತ್ತದೋ, ಆವಾಗ ನಾ ನೋಡಾಂಗಿಲ್ಲ. ನೀ ಬಾಜೂಕ ಅದಿಯೋ ಇಲ್ಲೋ, ಅಷ್ಟ ನೋಡ್ತೀನಿ.”

ಒಂದು ವರ್ಷ ನಾನು ದೇಶ ದೇಶ ಸುತ್ತಿದ್ದೆ, ಊರೂರು ತಿರುಗಿದ್ದೆ, ಸ್ಟೇರಿಂಗ್ ಹಿಡಿಯಲು ಕಲಿತಿದ್ದೆ. ಅಷ್ಟೂ ಮಾಡಿ ಅವಳ ಪಕ್ಕದಿಂದ ಎದ್ದು ಬಂದು ಮುಂದೆ ಕೂತಿದ್ದೆ. ರಸ್ತೆ ಕಣ್ಣಿಗೆ ಕಾಣದಾಯಿತು. ಕಾರನ್ನು ಬದಿಗೆ ತೆಗೆದು, ಒಂದು ಜಾಲಿಮರದ ಹತ್ತಿರ ನಿಲ್ಲಿಸಿದೆ. ಅದು ಚೆನ್ನಾಗಿಯೇ ಓಡುತ್ತಿತ್ತು, ನಾನೇ ನಿಲ್ಲಿಸಿದೆ. ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತೆ. ಅವ್ವ ಹಿಂದಿನಿಂದ ಕೈ ಚಾಚಿ ನನ್ನ ಭುಜ ಮುಟ್ಟಲು ನೋಡಿದಳು, ಸೀಟು ಅಡ್ಡ ಬಂತು.

ಮುಖ ಒರೆಸಿಕೊಂಡು ಇಳಿದು, ಹಿಂದಿನ ಬಾಗಿಲು ತೆರೆದು, ಅವಳ ಕೈ ಹಿಡಿದು ಇಳಿಸಿದೆ. ಮುಂದಿನ ಬಾಗಿಲು ತೆರೆದು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದೆ. ಬೆಲ್ಟು ಹಾಕಿಕೊಳ್ಳುವುದು ಅವಳಿಗೆ ತಿಳಿಯಲಿಲ್ಲ. ನಾನೇ ಬಾಗಿ ಎಳೆದು ಹಾಕಿದೆ. ಆಗ ಅವಳ ಉಸಿರು ನನ್ನ ಕಿವಿಯ ಹತ್ತಿರವೇ ಕೇಳಿಸಿತು. ಸಣ್ಣಗೆ ಸಿಳ್ಳೆ ಇತ್ತು, ಆದರೆ ಬರುತ್ತಿತ್ತು, ಹೋಗುತ್ತಿತ್ತು.